ಕಾಗದದ ಮೇಲೆ ಗುರಿ ಸರಿ, ಕೊಂಬೆ ಮೇಲಿನ ಅಳಿಲಿಗೆ ತಪ್ಪುತ್ತಿದೆ – .22 ಸ್ಪ್ರಿಂಗ್ ಏರ್ ರೈಫಲ್ (ಪರಿಹಾರ ಸಿಕ್ಕಿದೆ)

ಓಹಾಯೋ ಹೊಸಬ:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಓಹಾಯೋದಲ್ಲಿ ಸೆಪ್ಟೆಂಬರ್ 1ಕ್ಕೆ ಅಳಿಲು ಬೇಟೆಯ ಸೀಸನ್ ಶುರುವಾಯಿತು. ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿ ಲೈಸೆನ್ಸ್ ತೆಗೆದುಕೊಂಡು ಕಾಡಿಗೆ ಹೋಗುತ್ತಿರುವುದು ಇದೇ ಮೊದಲ ವರ್ಷ. ರಾಜ್ಯದ ಆಗ್ನೇಯ ಭಾಗದ ಗುಡ್ಡಗಾಡಿನಲ್ಲಿ ಸಹೋದ್ಯೋಗಿಯೊಬ್ಬರ ಮಾವನ ಜಮೀನಿದೆ, ಅದರ ಹಿಂದೆಯೇ ಕಾಡು. ಬೇಟೆಗೆ ಅವರಿಂದ ಲಿಖಿತ ಒಪ್ಪಿಗೆಯನ್ನೂ ಪಡೆದಿದ್ದೇನೆ.

ಬಂದೂಕು ಬ್ಯಾರೆಲ್ ಮಡಚಿ ಲೋಡ್ ಮಾಡುವ ಸ್ಪ್ರಿಂಗ್ ಏರ್ ರೈಫಲ್, .22. ದುಂಡು ತಲೆಯ 14.3 ಗ್ರೇನ್ (ಒಂದು ಗ್ರಾಂಗಿಂತ ಸ್ವಲ್ಪ ಕಡಿಮೆ) ಪೆಲೆಟ್, ಅಂದರೆ ಏರ್ ಗನ್ನಿನ ಪುಟ್ಟ ಗುಂಡು. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ಅಳೆದಾಗ ಸೆಕೆಂಡಿಗೆ ಸುಮಾರು 650 ಅಡಿ ಬಂತು. 3-9x40 ಸ್ಕೋಪ್ (ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು). ಮೇಜಿನ ಮುಂದೆ ಕೂತು 30 ಗಜಕ್ಕೆ ಝೀರೋ ಮಾಡಿದ್ದೇನೆ (ಅಂದರೆ ಅಷ್ಟು ದೂರದಲ್ಲಿ ಗುರಿ ಇಟ್ಟಲ್ಲೇ ಪೆಲೆಟ್ ಬೀಳುವಂತೆ ಸ್ಕೋಪ್ ಹೊಂದಿಸಿದ್ದೇನೆ), ಐದು ಪೆಲೆಟ್ ಒಂದು ಇಂಚಿನೊಳಗೆ ಕೂರುತ್ತವೆ.

ಕಾಡಿನಲ್ಲಿ ಮಾತ್ರ ಎಲ್ಲ ಕೈಕೊಟ್ಟಿತು. ಹಿಕರಿ ಮರದ ತುದಿಯಲ್ಲಿ ಕಾಯಿ ಕೊರೆಯುತ್ತಿದ್ದ ಅಳಿಲುಗಳಿಗೆ ಎರಡು ಬೆಳಗಿನಲ್ಲಿ ಆರು ಸಲ ಹೊಡೆದೆ. ಒಂದು ಬಿತ್ತು, ಐದು ತಪ್ಪಿದವು. ಎರಡು ಸಲ ತೊಗಟೆಯ ಚೂರು ತಲೆಗಿಂತ ಮೇಲೆ, ಸ್ವಲ್ಪ ಬಲಕ್ಕೆ ಹಾರಿದ್ದನ್ನು ಕಣ್ಣಾರೆ ಕಂಡೆ. ತಪ್ಪಿದ್ದಕ್ಕೆ ಬೇಜಾರಿಲ್ಲ. ಅರ್ಧ ಇಂಚು ಆಚೀಚೆ ಆಗಿ ದವಡೆಗೆ ಬಿದ್ದಿದ್ದರೆ ಅದು ಎಷ್ಟು ದಿನ ನರಳಿ ಸಾಯುತ್ತಿತ್ತೋ ಎಂದು ನಿದ್ದೆ ಬರುತ್ತಿಲ್ಲ. ಕಾರಣ ಗೊತ್ತಾಗುವವರೆಗೆ ಕಾಡಿಗೆ ಹೋಗುವುದಿಲ್ಲ.

ಗಾಳಿ ಸಿಲಿಂಡರ್:
ಸ್ಪ್ರಿಂಗ್ ಗನ್ ಹಣೆಬರಹವೇ ಅಷ್ಟು. ಮಾರಿ ಪಿಸಿಪಿ (ಮೊದಲೇ ಒತ್ತಿ ತುಂಬಿಟ್ಟ ಗಾಳಿಯಿಂದ ಹೊಡೆಯುವ ಬಂದೂಕು) ತಗೊಳ್ಳಿ. ಒದೆತ ಇಲ್ಲ, ಹೇಗೆ ಹಿಡಿದರೂ ಇಟ್ಟಲ್ಲಿಗೇ ಹೋಗುತ್ತೆ.

ಹಿಕರಿ ನೆರಳು:
ಹೊಸಬರೇ, ಸದ್ಯಕ್ಕೆ ಏನೂ ಕೊಳ್ಳಬೇಡಿ. 30 ಗಜಕ್ಕೆ ಒಂದಿಂಚು ಗುಂಪು ಕೊಡುವ ಬಂದೂಕಿನಲ್ಲಿ ದೊಡ್ಡ ದೋಷ ಇರಲಿಕ್ಕಿಲ್ಲ. ನಾನಿರುವುದು ಮಿಸೌರಿಯಲ್ಲಿ. ನಮಗೆ ಮೇ ತಿಂಗಳ ನಾಲ್ಕನೇ ಶನಿವಾರವೇ ಸೀಸನ್ ತೆರೆಯುತ್ತದೆ, ಹಾಗಾಗಿ ಎಲೆ ತುಂಬಿದ ಮರದ ಕೆಳಗೆ ಕತ್ತು ನೋಯಿಸಿಕೊಂಡು ವರ್ಷಗಳೇ ಕಳೆದಿವೆ. ಇಷ್ಟು ಹೇಳಿ: ಅಳಿಲು ಎಷ್ಟು ಗಜದಲ್ಲಿತ್ತು? ಎಷ್ಟು ಕಡಿದಾಗಿ ಮೇಲಕ್ಕೆ? ಬಂದೂಕನ್ನು ಯಾವುದಕ್ಕೆ ಆನಿಸಿದ್ದಿರಿ? ಸ್ಕೋಪಿನ ಪ್ಯಾರಲಾಕ್ಸ್ (ಕಣ್ಣು ಸರಿದರೂ ಕ್ರಾಸ್‌ಹೇರ್ ಗುರಿಯ ಮೇಲೆ ಸರಿಯದಂತೆ ಮಾಡುವ ಹೊಂದಿಕೆ) ಎಷ್ಟು ಗಜಕ್ಕಿದೆ? ಮರದ ಹಿಡಿಯ ಸ್ಕ್ರೂ ಯಾವಾಗ ನೋಡಿದ್ದೀರಿ?

ಓಹಾಯೋ ಹೊಸಬ:
ರೇಂಜ್‌ಫೈಂಡರ್ 20ರಿಂದ 28 ಗಜ ತೋರಿಸಿತು. ಟೋಪಿ ಹಿಂದಕ್ಕೆ ಬೀಳುವಷ್ಟು ಕತ್ತೆತ್ತಬೇಕಿತ್ತು, 50–60 ಡಿಗ್ರಿ ಇರಬಹುದು. ಕೈ ನಡುಗಬಾರದೆಂದು ಬಂದೂಕಿನ ಎಡಮಗ್ಗುಲನ್ನು ಪಕ್ಕದ ಓಕ್ ಮರಕ್ಕೆ ಒತ್ತಿ ಹಿಡಿದಿದ್ದೆ. ಸ್ಕೋಪ್ 9xನಲ್ಲಿತ್ತು, ಪ್ಯಾರಲಾಕ್ಸ್ ಉಂಗುರ 100ರಲ್ಲಿ. ಸ್ಕ್ರೂಗಳನ್ನು ಈಗ ನೋಡಿದೆ, ಮುಂಭಾಗದ ಒಂದು ಅರ್ಧ ಸುತ್ತು ಸಡಿಲವಾಗಿದೆ!

ಕೊಡಗಿನ ಕೋವಿ:
ನಮ್ಮಲ್ಲಿ ಕೈಲ್ ಪೊಳ್ದ್ ಹಬ್ಬ ಕೂಡ ಸೆಪ್ಟೆಂಬರ್ ಮೊದಲ ವಾರದಲ್ಲೇ. ಕೋವಿಗೆ ಪೂಜೆ ಮಾಡಿ, ಎತ್ತರದ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯುವ ಪಂದ್ಯ ನಡೆಯುತ್ತದೆ. ನಾನು ಹುಡುಗನಾಗಿದ್ದಾಗ ಕಾಯಿಯ ಮೇಲಂಚಿಗೆ ಗುರಿ ಹಿಡಿದು ತಪ್ಪಿಸಿದಾಗಲೆಲ್ಲ ದೊಡ್ಡಪ್ಪ ಹೇಳುತ್ತಿದ್ದದ್ದು ಒಂದೇ ಮಾತು: "ಮೇಲೆ ನೋಡಿ ಹೊಡೆಯುವಾಗ ಗುರಿ ಇಳಿಸು." ನಿಮ್ಮ ತೊಗಟೆ ಚೂರಿನ ಕತೆ ಓದಿದ ಕೂಡಲೇ ಅದೇ ನೆನಪಾಯಿತು.

ಕಡಲತಡಿ:
ಅಲ್ಲ ಮಾರಾಯ್ರೆ, ಮೇಲಕ್ಕೆ ಹೊಡೆದರೆ ಭೂಮಿ ಜಾಸ್ತಿ ಎಳೀಬೇಕಲ್ಲ? ಹಾಗಾದ್ರೆ ಗುರಿ ಮೇಲೆ ಇಡಬೇಕು ತಾನೆ?

ಹಿಕರಿ ನೆರಳು:
ಬಹಳ ಜನ ಹಾಗೇ ಅಂದುಕೊಂಡಿರುತ್ತಾರೆ, ಆದರೆ ಅದು ತಪ್ಪು. ನೆಟ್ಟಗೆ ತಲೆ ಮೇಲಕ್ಕೆ ಹೊಡೆದರೆ ಏನಾಗುತ್ತದೆ ಯೋಚಿಸಿ. ಗುರುತ್ವ ಪೆಲೆಟ್ಟಿನ ವೇಗ ತಗ್ಗಿಸುತ್ತದೆ, ದಾರಿ ಬಗ್ಗಿಸುವುದಿಲ್ಲ. ಅಡ್ಡಕ್ಕೆ ಹೊಡೆದರೆ ಇಡೀ ಎಳೆತ ದಾರಿಯನ್ನು ಬಗ್ಗಿಸುವುದಕ್ಕೇ ಹೋಗುತ್ತದೆ. ಓರೆಯಾದಷ್ಟೂ ಬಾಗು ಕಡಿಮೆ. ನೀವು ಝೀರೋ ಮಾಡಿದ್ದು ಅಡ್ಡಕ್ಕೆ, ಪೂರ್ತಿ ಬಾಗನ್ನು ಲೆಕ್ಕಕ್ಕೆ ಹಿಡಿದು. ಮೇಲಕ್ಕೆ ಹೊಡೆದಾಗ ಅಷ್ಟು ಬಾಗು ಇರುವುದಿಲ್ಲ, ಪೆಲೆಟ್ ಗುರಿಗಿಂತ ಮೇಲೆ ಹೋಗುತ್ತದೆ. ಇಳಿಜಾರಿನಲ್ಲಿ ಕೆಳಕ್ಕೆ ಹೊಡೆದರೂ ಇದೇ ಕತೆ.

ಜೋರು ರೈಫಲ್ಲಿಗೆ ಅಷ್ಟು ದೂರದಲ್ಲಿ ಇದು ಲೆಕ್ಕಕ್ಕೇ ಬರದು. ನಮ್ಮ ಏರ್ ರೈಫಲ್ ನಿಧಾನ, ಅದಕ್ಕೇ ಕಾಡುತ್ತದೆ. ನಿಮ್ಮ ಅಂಕಿಗಳನ್ನೇ ಇಟ್ಟು ಲೆಕ್ಕ ಹಾಕಿದೆ. ಸ್ಕೋಪ್ ಬ್ಯಾರೆಲ್ಲಿಗಿಂತ ಒಂದೂಮುಕ್ಕಾಲು ಇಂಚು ಮೇಲಿದೆ ಅಂದುಕೊಂಡಿದ್ದೇನೆ. 30 ಗಜ ತಲುಪುವಷ್ಟರಲ್ಲಿ ಪೆಲೆಟ್ ಬ್ಯಾರೆಲ್ಲಿನ ಗೆರೆಯಿಂದ ಸುಮಾರು 4.2 ಇಂಚು ಇಳಿಯುತ್ತದೆ. ಅಡ್ಡಕ್ಕೆ 20 ಗಜದಲ್ಲಿ ಗುರಿಗಿಂತ ಅರ್ಧ ಇಂಚಿನ ಹತ್ತಿರ ಮೇಲಿರುತ್ತದೆ, 30ರಲ್ಲಿ ಸರಿಯಾಗಿ ಕೂರುತ್ತದೆ. ಅದೇ 60 ಡಿಗ್ರಿ ಮೇಲಕ್ಕೆ ಹೊಡೆದರೆ 20 ಗಜದಲ್ಲಿ 1.3 ಇಂಚು ಮೇಲೆ, 30 ಗಜದಲ್ಲಿ 2 ಇಂಚು ಮೇಲೆ. ಅಳಿಲಿನ ತಲೆಯೇ ಒಂದೂವರೆ ಇಂಚು. ನಡುವಿಗೆ ಹಿಡಿದರೆ ನೆತ್ತಿಯ ಮೇಲೆ ಹಾರಿಹೋಗಲೇಬೇಕು.

"ಮರದ ಬುಡದವರೆಗಿನ ದೂರ ಅಳೆದು ಅಷ್ಟಕ್ಕೇ ಹೊಡಿ" ಎಂದು ಕೆಲವರು ಹೇಳಿಕೊಡುತ್ತಾರೆ. ದೊಡ್ಡ ರೈಫಲ್ಲಿನಲ್ಲಿ ದೂರದ ಗುರಿಗೆ ಅದು ನಡೆಯುತ್ತದೆ. ನಮಗೆ ನಡೆಯದು. ಇಷ್ಟು ಹತ್ತಿರದಲ್ಲಿ ಸ್ಕೋಪಿನ ಎತ್ತರವೇ ಲೆಕ್ಕ ಕೆಡಿಸುತ್ತದೆ. 60 ಡಿಗ್ರಿಯಲ್ಲಿ 30 ಗಜ ಇರುವುದನ್ನು 15 ಗಜ ಎಂದು ತಿಳಿದು ಹೊಡೆದರೆ ಅರ್ಧ ಇಂಚು ಮಾತ್ರ ಇಳಿಸುತ್ತೀರಿ, ಇಳಿಸಬೇಕಾದ್ದು ಎರಡಿಂಚು.

ಇದು "ಮೇಲೆ" ಹೋದದ್ದಕ್ಕೆ ಕಾರಣ. "ಬಲಕ್ಕೆ" ಹೋದದ್ದು ಆ ಓಕ್ ಮರದ ಕೆಲಸ. ಸ್ಪ್ರಿಂಗ್ ಬಂದೂಕಿನಲ್ಲಿ ಪಿಸ್ಟನ್ ಮುಂದಕ್ಕೆ ನುಗ್ಗುವಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ತುದಿಗೆ ಬಡಿದಾಗ ಮುಂದಕ್ಕೆ ಜಗ್ಗುತ್ತದೆ. ಪೆಲೆಟ್ ಇನ್ನೂ ಬ್ಯಾರೆಲ್ ಒಳಗಿರುವಾಗಲೇ ಇದು ನಡೆಯುವುದರಿಂದ, ಹಿಡಿತ ಬದಲಾದರೆ ಪೆಲೆಟ್ ಬೀಳುವ ಜಾಗವೂ ಬದಲಾಗುತ್ತದೆ. ಗಟ್ಟಿ ವಸ್ತುವಿಗೆ ಆನಿಸಿದರೆ ಅದರಿಂದ ಆಚೆ ಪುಟಿಯುತ್ತದೆ. ನಿಮ್ಮ ಎಡಕ್ಕೆ ಮರ, ಪೆಲೆಟ್ ಬಲಕ್ಕೆ. ಕೈಯನ್ನು ಮರಕ್ಕೆ ಆನಿಸಿ, ಬಂದೂಕು ತೆರೆದ ಅಂಗೈ ಮೇಲೆ ಸಡಿಲವಾಗಿ ಕೂತಿರಲಿ.

ಸ್ಕ್ರೂ ಬಿಗಿ ಮಾಡಿ. ಪ್ಯಾರಲಾಕ್ಸ್ ಉಂಗುರವನ್ನು 25ರ ಹತ್ತಿರ ತನ್ನಿ, ಇಲ್ಲದಿದ್ದರೆ ಕಣ್ಣು ಸ್ವಲ್ಪ ಸರಿದರೂ ಕ್ರಾಸ್‌ಹೇರ್ ಅಳಿಲಿನ ಮೇಲೆ ಸರಿದಾಡುತ್ತದೆ. ಎಲೆ ದಟ್ಟವಿರುವಾಗ 4x ಸಾಕು. 9xನಲ್ಲಿ ಮುಂದಿರುವ ಚಿಗುರು ಕಡ್ಡಿ ಮಸುಕಾಗಿ ಕಾಣಿಸುವುದೇ ಇಲ್ಲ, ಪೆಲೆಟ್ ಮಾತ್ರ ಅದಕ್ಕೆ ತಗಲಿ ದಾರಿ ತಪ್ಪುತ್ತದೆ. ಮೊದಲ ವಾರಗಳಲ್ಲಿ ತಪ್ಪುವ ಗುಂಡುಗಳಲ್ಲಿ ಇಂಥವೂ ಸಾಕಷ್ಟು.

ಝೀರೋವನ್ನು 20 ಗಜಕ್ಕೆ ಇಳಿಸಿ. ಆಗ 45 ಡಿಗ್ರಿಯಲ್ಲಿ 20 ಗಜಕ್ಕೂ 30 ಗಜಕ್ಕೂ ಸರಿಸುಮಾರು ಅರ್ಧ ಇಂಚು ಮಾತ್ರ ಮೇಲೆ ಹೋಗುತ್ತದೆ. ಒಂದೇ ಅಳತೆ ನೆನಪಿಟ್ಟರೆ ಸಾಕು. ಅದಕ್ಕಿಂತ ಕಡಿದಾದರೆ ಹೊಡೆಯಲೇಬೇಡಿ.

ಪರೀಕ್ಷೆಗೆ ಮರ ಹತ್ತಬೇಕಿಲ್ಲ. ನಿಮ್ಮದು ಗುಡ್ಡಗಾಡು. ಕಡಿದಾದ ಇಳಿಜಾರಿನ ಕೆಳಗೆ ಕಾಗದ ನೆಟ್ಟು ಮೇಲಿಂದ ಹೊಡೆಯಿರಿ. ಲೆಕ್ಕ ಒಂದೇ, ಜೊತೆಗೆ ಹಿಂದೆ ಮಣ್ಣಿರುತ್ತದೆ. ಕಾಡಿನಲ್ಲೂ ಅಳಿಲಿನ ಹಿಂದೆ ದಪ್ಪ ಕಾಂಡ ಅಥವಾ ಕೊಂಬೆ ಇದ್ದರೆ ಮಾತ್ರ ಟ್ರಿಗರ್ ಮುಟ್ಟಿ. ಆಕಾಶದ ಕಡೆ ಬಿಟ್ಟ ಪೆಲೆಟ್ ನೂರಾರು ಗಜ ಹೋಗುತ್ತದೆ, ಆ ಕಡೆ ಯಾರ ಅಂಗಳ ಇದೆಯೋ ಗೊತ್ತಿರುವುದಿಲ್ಲ.

ಕಾಫಿತೋಟ:
ನಡುವೆ ಬಂದದ್ದಕ್ಕೆ ಕ್ಷಮಿಸಿ. ಚಿಕ್ಕಮಗಳೂರು ಕಡೆಯವನು. ನಮ್ಮ ತೋಟದಲ್ಲಿ ಕೆಂದಳಿಲು ಕಾಯಿಗಳನ್ನು ಹಾಳು ಮಾಡುತ್ತದೆ. ಇಲ್ಲಿ ಕಡಿಮೆ ಶಕ್ತಿಯ ಏರ್ ಗನ್ನಿಗೆ ಲೈಸೆನ್ಸ್ ಬೇಡ ಅಂತಾರೆ, ಹಾಗಾದರೆ ನಾವೂ ಹೊಡೆಯಬಹುದಾ?

ಕೊಡಗಿನ ಕೋವಿ:
ಬೇಡ ಸರ್, ಖಂಡಿತ ಬೇಡ. ಬಂದೂಕಿನ ಲೈಸೆನ್ಸ್ ಬೇರೆ, ಬೇಟೆಯ ಕಾನೂನು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮಲ್ಲಿ ಬೇಟೆಯೇ ನಿಷೇಧ. ಕೆಂದಳಿಲು ಸಂರಕ್ಷಿತ ಪ್ರಾಣಿ, ಅದನ್ನು ಮುಟ್ಟಿದರೆ ಜೈಲು. ಕೊಡವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಆದರೂ ನಾವು ಹೊಡೆಯುವುದು ತೆಂಗಿನಕಾಯಿಗೆ. ಬೆಳೆ ಹಾನಿಗೆ ಅರಣ್ಯ ಇಲಾಖೆಯ ಹತ್ತಿರವೇ ಹೋಗಿ. ಅಮೆರಿಕದ ಮಾತು ಬೇರೆ. ಅಲ್ಲಿ ಬೂದು ಅಳಿಲು, ಫಾಕ್ಸ್ ಅಳಿಲು ಹೇರಳ. ಸೀಸನ್, ದಿನದ ಮಿತಿ ಎಲ್ಲ ಸರ್ಕಾರವೇ ಗೊತ್ತುಮಾಡುತ್ತದೆ.

ಕಡಲತಡಿ:
ಒಂದು ಕೇಳ್ತೇನೆ, ಬೇಜಾರ್ ಮಾಡ್ಬೇಡಿ. ರಾಮ ಬೆನ್ನು ಸವರಿದ ಪ್ರಾಣಿ ಅಂತ ಅಜ್ಜಿ ಹೇಳಿದ್ದು ಕೇಳಿ ಬೆಳೆದವರು ನಾವು. ಹೊಡೀಲಿಕ್ಕೆ ಮನಸ್ಸು ಹೇಗೆ ಬರ್ತದೆ?

ಓಹಾಯೋ ಹೊಸಬ:
ಬೇಜಾರೇನೂ ಇಲ್ಲ, ಆ ಕತೆ ಕೇಳಿಯೇ ನಾನೂ ಬೆಳೆದದ್ದು. ಇಲ್ಲಿಯ ಅಳಿಲಿನ ಬೆನ್ನ ಮೇಲೆ ಆ ಮೂರು ಗೆರೆ ಇಲ್ಲ. ಹಾಗಂತ ನೋವು ಕಡಿಮೆಯೇನಲ್ಲ. ಮನೆಯಲ್ಲಿ ಕೋಳಿ, ಕುರಿ ತಿನ್ನುತ್ತೇವೆ. ತಿನ್ನುವುದನ್ನು ಒಮ್ಮೆಯಾದರೂ ನನ್ನ ಕೈಯಾರೆ, ನರಳಿಸದೆ ತರಬೇಕು ಅನ್ನಿಸಿತು. ಅದಕ್ಕೇ ಈ ಗುರಿಯ ವಿಷಯ ನನಗೆ ಇಷ್ಟು ಮುಖ್ಯ.

ಓಹಾಯೋ ಹೊಸಬ (ಒಂದು ವಾರದ ನಂತರ):
ಹಿಕರಿ ನೆರಳು ಸರ್, ಕೊಡಗಿನ ಅಣ್ಣ, ಇಬ್ಬರಿಗೂ ಕೈಮುಗಿದೆ. ಝೀರೋ ಬದಲಿಸುವ ಮೊದಲು ಹಳೆಯದನ್ನೇ ಪರೀಕ್ಷಿಸಿದೆ. ತೊರೆಯ ದಂಡೆಯಲ್ಲಿ ಸುಮಾರು 40 ಡಿಗ್ರಿ ಇಳಿಜಾರು, ಕೆಳಗೆ 30 ಗಜದಲ್ಲಿ ಕಾಗದ. ಅಂಗೈ ಮೇಲೆ ಸಡಿಲವಾಗಿ ಹಿಡಿದು ಐದು ಹೊಡೆದೆ. ಗುಂಪು ಚೆನ್ನಾಗಿಯೇ ಕೂತಿತು, ಆದರೆ ಇಡೀ ಗುಂಪು ಒಂದಿಂಚು ಮೇಲೆ! ಆಮೇಲೆ ಬೇಕೆಂದೇ ಎಡಮಗ್ಗುಲನ್ನು ಮರಕ್ಕೆ ಒತ್ತಿ ಹಿಡಿದು ಐದು. ಅವು ಬಲಕ್ಕೆ ಒಂದೂವರೆ ಇಂಚು ಸರಿದು ಚದುರಿದವು. ಎರಡೂ ಕಾರಣ ಕಾಗದದ ಮೇಲೆ ಕಂಡಾಗ ಎದೆಯ ಭಾರ ಇಳಿಯಿತು.

ಈಗ 20 ಗಜಕ್ಕೆ ಝೀರೋ. ಶನಿವಾರ ಬೆಳಕು ಹರಿಯುವ ಮೊದಲೇ ಹೋಗಿ, ಮರದ ಬುಡ ಬಿಟ್ಟು, ಗುಡ್ಡದ ಮೇಲ್ಮಗ್ಗುಲಲ್ಲಿ 25 ಗಜ ದೂರ ಕೂತೆ. ಹಿಕರಿಯ ತುದಿ ಅಲ್ಲಿಂದ ಹೆಚ್ಚುಕಡಿಮೆ 30 ಡಿಗ್ರಿಯಲ್ಲಿ ಸಿಗುತ್ತದೆ. ಸಿಪ್ಪೆ ಚೂರು ಎಲೆಗಳ ಮೇಲೆ ತುಂತುರು ಮಳೆಯ ಹಾಗೆ ಬೀಳುತ್ತಿತ್ತು. ಮೂರು ಸಲ ಹೊಡೆದೆ, ಮೂರೂ ತಲೆಗೆ, ಮೂರೂ ಬಿದ್ದಲ್ಲೇ. ನಮ್ಮ ಮಿತಿ ದಿನಕ್ಕೆ ಆರು, ನನಗೆ ಮೂರು ಸಾಕಾಯಿತು. ಎರಡಕ್ಕೆ ಹಿಂದೆ ಕಾಂಡ ಇರಲಿಲ್ಲ, ಬಿಟ್ಟೆ.

ಒಂದು ಸಂದೇಹ. ಒಂದರ ಭುಜದ ಚರ್ಮದೊಳಗೆ ದಪ್ಪ ಹುಳು ಇತ್ತು. ತಿನ್ನಬಹುದೇ?

ಹಿಕರಿ ನೆರಳು:
ಇಳಿಜಾರಿನ ಮೇಲೆ ಕೂತದ್ದು ಬಹಳ ಒಳ್ಳೆಯ ಉಪಾಯ, ಕೋನವೇ ತಗ್ಗಿಹೋಯಿತು.

ಅದು ಬಾಟ್ ನೊಣದ ಮರಿ, ಇಲ್ಲಿ ವಾರ್ಬಲ್ ಅನ್ನುತ್ತಾರೆ. ಬೇಸಿಗೆ ಕೊನೆಯಲ್ಲಿ ಸಾಮಾನ್ಯ, ಚಳಿ ಬಿದ್ದ ಮೇಲೆ ಕಾಣುವುದಿಲ್ಲ. ಇರುವುದು ಚರ್ಮದ ಕೆಳಗೆ ಮಾತ್ರ, ಚರ್ಮದ ಜೊತೆಗೇ ಬರುತ್ತದೆ. ಆ ಜಾಗ ಸ್ವಲ್ಪ ಕತ್ತರಿಸಿ ತೆಗೆಯಿರಿ, ಉಳಿದ ಮಾಂಸಕ್ಕೆ ದೋಷವಿಲ್ಲ. ಅದಕ್ಕಿಂತ ಸೆಪ್ಟೆಂಬರ್ ಸೆಕೆಗೆ ಹೆದರಿ. ಬೇಗ ಕರುಳು ತೆಗೆದು ಐಸ್ ಪೆಟ್ಟಿಗೆಗೆ ಹಾಕಬೇಕು, ಚೀಲದಲ್ಲಿ ಮಧ್ಯಾಹ್ನದವರೆಗೆ ಇಟ್ಟರೆ ಕೆಡುತ್ತದೆ. ಉಣ್ಣಿ ಹತ್ತದಂತೆ ಬಟ್ಟೆಗೆ ಪರ್ಮೆಥ್ರಿನ್ ಔಷಧಿ ಹೊಡೆದುಕೊಂಡೇ ಹೋಗಿ. ಲೋನ್ ಸ್ಟಾರ್ ಉಣ್ಣಿ ಕಚ್ಚಿ ಕೆಲವರಿಗೆ ಕುರಿ, ಹಂದಿ ಮಾಂಸವೇ ಒಗ್ಗದಂತಾಗುತ್ತದೆ.

ಕೊಡಗಿನ ಕೋವಿ:
ಎಳೆಯದಾದರೆ ಹಾಗೇ ಬೇಯುತ್ತದೆ, ಬಲಿತದ್ದಾದರೆ ಕುಕ್ಕರಿನಲ್ಲಿ ಎರಡು ಮೂರು ಕೂಗು ಹೆಚ್ಚಿಗೆ. ಹುರಿದ ಕೊತ್ತಂಬರಿ, ಜೀರಿಗೆ, ಕರಿಮೆಣಸು ಅರೆದು ಹಾಕಿ, ಕಾಚಂಪುಳಿ ಇದ್ದರೆ ಕೊನೆಗೆ ಅರ್ಧ ಚಮಚ. ಸ್ಕ್ರೂಗಳನ್ನು ಪ್ರತಿ ಸಲ ಹೊರಡುವ ಮುಂಚೆ ನೋಡಿಕೊಳ್ಳಿ, ಅವು ಮತ್ತೆ ಸಡಿಲವಾಗುತ್ತವೆ.