ಅಪ್ಪನಿಗೆ ಯಾವ ಕೂಲಿಂಗ್ ಗ್ಲಾಸ್ ಕೊಡಿಸಲಿ?

ಬಿಸಿಲೂರು:
ಎಲ್ಲರಿಗೂ ನಮಸ್ಕಾರ. ನಮ್ಮದು ರಾಯಚೂರು ಕಡೆಯ ಹಳ್ಳಿ. ಅಪ್ಪನಿಗೆ 58 ವರ್ಷ. ದಿನಾ ಬೈಕಿನಲ್ಲಿ ಹೊಲಕ್ಕೆ ಹೋಗಿ ಬರುತ್ತಾರೆ. ಹತ್ತಿ, ತೊಗರಿ ಕೆಲಸ, ಬೆಳಗ್ಗೆಯಿಂದ ಸಂಜೆವರೆಗೆ ಬಿಸಿಲು, ದೂಳು. ಬಲಗಣ್ಣಿನಲ್ಲಿ ಮೂಗಿನ ಕಡೆಯಿಂದ ಕರಿಗುಡ್ಡೆಯತ್ತ ತೆಳ್ಳಗೆ ಮಾಂಸ ಬೆಳೆದ ಹಾಗಾಗಿದೆ. ಡಾಕ್ಟರು ನೋಡಿ ಇದು ಟೆರಿಜಿಯಂ, ಈಗಲೇ ಆಪರೇಷನ್ ಬೇಡ, ಹೊರಗೆ ಹೋಗುವಾಗ ಕೂಲಿಂಗ್ ಗ್ಲಾಸ್ ಹಾಕಿ ಎಂದರು. ಯಾವುದು ಅಂತ ಕೇಳುವುದು ಆಗ ಹೊಳೆಯಲಿಲ್ಲ. ಅಪ್ಪ ಜಾತ್ರೆಯಲ್ಲಿ 150 ರೂಪಾಯಿ ಕೊಟ್ಟು ಕಡುಕಪ್ಪು ಗಾಜಿನದೊಂದು ತಂದಿದ್ದಾರೆ. ಊರಿನ ಅಂಗಡಿಯವರು ಪೋಲರೈಸ್ಡ್ ತಗೊಳ್ಳಿ, 2,500 ಆಗುತ್ತೆ ಅಂತಾರೆ. ಜಾತ್ರೆಯದ್ದೇ ಸಾಕಾ? ಕಪ್ಪಾಗಿದ್ದರೆ ಬಿಸಿಲು ತಡೆಯುತ್ತೆ ಅಲ್ವಾ?

ಕನ್ನಡಕದಂಗಡಿ:
ಕಪ್ಪು ಬಣ್ಣ ಬೇರೆ, ಯುವಿ ಅಂದರೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣ ತಡೆಯುವುದು ಬೇರೆ. ಹನ್ನೆರಡು ವರ್ಷದಿಂದ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ, ದಿನಕ್ಕೆ ಒಬ್ಬರಾದರೂ ಇದೇ ಕೇಳುತ್ತಾರೆ. ಬಣ್ಣ ಕಣ್ಣಿಗೆ ಕಾಣುವ ಬೆಳಕನ್ನು ಕಡಿಮೆ ಮಾಡುತ್ತದೆ. ಟೆರಿಜಿಯಂ, ಪೊರೆ ಇವಕ್ಕೆಲ್ಲ ಕಾರಣಗಳಲ್ಲಿ ಒಂದಾದ ಯುವಿ ಕಣ್ಣಿಗೆ ಕಾಣುವುದೇ ಇಲ್ಲ. ಗಾಜು ಕಡುಕಪ್ಪಾಗಿದ್ದು ಯುವಿ ತಡೆಯದಿದ್ದರೆ ಇನ್ನೂ ತೊಂದರೆ. ಕತ್ತಲಾಯಿತು ಅಂತ ಪಾಪೆ ಅಗಲವಾಗುತ್ತದೆ, ಆಗ ಯುವಿ ಕಣ್ಣಿನ ಒಳಗೆ ಇನ್ನಷ್ಟು ಹೋಗುತ್ತದೆ.

ನೀವು ಕೇಳಬೇಕಾದದ್ದು ಯುವಿ 400. ಅಂದರೆ 400 ನ್ಯಾನೋಮೀಟರ್‌ವರೆಗಿನ ಅಲೆಯುದ್ದದ ಕಿರಣಗಳನ್ನು, ಹೆಚ್ಚುಕಡಿಮೆ ಎಲ್ಲ ಯುವಿಯನ್ನು, ತಡೆಯುವ ಲೆನ್ಸ್. ಪಾಲಿಕಾರ್ಬೊನೇಟ್ ಲೆನ್ಸ್ ಆದರೆ ಆ ಪ್ಲಾಸ್ಟಿಕ್ಕೇ ಹೆಚ್ಚುಕಡಿಮೆ ಎಲ್ಲ ಯುವಿಯನ್ನು ತಡೆಯುತ್ತದೆ, ಬಣ್ಣವೇ ಇಲ್ಲದಿದ್ದರೂ ಸರಿ. ಪೋಲರೈಸ್ಡ್ ಅನ್ನುವುದು ಬೇರೆ ವಿಷಯ. ರಸ್ತೆ, ನೀರು, ಕಾರಿನ ಬಾನೆಟ್ ಮೇಲಿಂದ ಹೊಡೆಯುವ ಪ್ರತಿಫಲನವನ್ನು ಅದು ಕಡಿಮೆ ಮಾಡುತ್ತದೆ. ಬೈಕ್ ಓಡಿಸುವವರಿಗೆ ಹಾಯಾಗಿರುತ್ತದೆ ನಿಜ, ಆದರೆ ಅಪ್ಪನ ಕಣ್ಣಿಗೆ ಅದು ಇರಲೇಬೇಕು ಅಂತೇನಿಲ್ಲ. ದುಡ್ಡಿದ್ದರೆ ತಗೊಳ್ಳಿ, ಇಲ್ಲದಿದ್ದರೆ ಬಿಡಿ.

ಲೆನ್ಸಿನ ಮೇಲೋ ಚೀಟಿಯಲ್ಲೋ ಕ್ಯಾಟಗರಿ ಅಂತ 0ಯಿಂದ 4ರವರೆಗೆ ಒಂದು ಅಂಕಿ ಇರುತ್ತದೆ. ನಮ್ಮ ಬಿಸಿಲಿಗೆ 3 ಸರಿ. ಅದು ಬೆಳಕಿನ ನೂರರಲ್ಲಿ 8ರಿಂದ 18 ಪಾಲು ಮಾತ್ರ ಒಳಗೆ ಬಿಡುತ್ತದೆ. 4 ಬೇಡವೇ ಬೇಡ, ಅದನ್ನು ಹಾಕಿಕೊಂಡು ಗಾಡಿ ಓಡಿಸುವಂತಿಲ್ಲ.

ಆಕಾರವನ್ನೂ ನೋಡಿ. ಚಪ್ಪಟೆ ಫ್ರೇಮ್ ಆದರೆ ಪಕ್ಕದಿಂದ ಬಿಸಿಲು, ದೂಳು ಎರಡೂ ಬರುತ್ತವೆ. ಕಿವಿಯ ಕಡೆಗೆ ಬಾಗಿ ಕಣ್ಣನ್ನು ಸುತ್ತುವರಿದಿರುವುದು ಒಳ್ಳೆಯದು. ಜಾತ್ರೆಯದ್ದನ್ನು ಈಗಲೇ ಬಿಸಾಡಬೇಡಿ. ಬೆಲೆ ನೋಡಿ ಹೇಳಲು ಆಗುವುದಿಲ್ಲ, ಕಡಿಮೆ ದುಡ್ಡಿನದೂ ಕೆಲವು ಸಲ ಯುವಿ ತಡೆಯುತ್ತದೆ. ಯುವಿ ಮೀಟರ್ ಇರುವ ಅಂಗಡಿಗೆ ತಗೊಂಡು ಹೋಗಿ, ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ತೋಟದಮನೆ:
ನಾನು ತೀರ್ಥಹಳ್ಳಿ ಕಡೆಯವನು. ಮೇಲೆ ಹೇಳಿದ್ದೆಲ್ಲ ಸರಿ, ಆದರೆ ಹೊಲದ ಕೆಲಸ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೋದ ವರ್ಷ ಅಡಿಕೆ ತೋಟದಲ್ಲಿ ವೀಡ್ ಕಟರ್ ಹಿಡಿದು ಹುಲ್ಲು ಹೊಡೆಯುತ್ತಿದ್ದೆ. ಕೂಲಿಂಗ್ ಗ್ಲಾಸ್ ಇದೆಯಲ್ಲ ಅಂತ ಧೈರ್ಯ. ಬ್ಲೇಡಿಗೆ ಸಿಕ್ಕ ಸಣ್ಣ ಕಲ್ಲೊಂದು ಹಾರಿ ಬಂದು ಗಾಜಿಗೆ ಬಡಿಯಿತು, ಗಾಜು ಒಡೆಯಿತು, ಚೂರು ರೆಪ್ಪೆಗೆ ಚುಚ್ಚಿತು. ಇನ್ನು ಒಂದು ಕೂದಲೆಳೆ ಈಚೆ ಬಂದಿದ್ದರೆ ಕಣ್ಣಿಗೇ. ಆಮೇಲೆ ಸೇಫ್ಟಿ ಗಾಗಲ್ಸ್ ತಗೊಂಡೆ. ಫ್ರೇಮ್ ಮೇಲೆ ಝಡ್ 87 ಅಥವಾ ಇಎನ್ 166 ಅಂತ ಸುರಕ್ಷತಾ ಮಾನದಂಡದ ಗುರುತು ಒತ್ತಿರುತ್ತದೆ, ಅದನ್ನು ನೋಡಿ ತಗೊಳ್ಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಬೆಲೆಯೂ ಜಾಸ್ತಿ ಇಲ್ಲ.

ಇನ್ನೊಂದು ಮಾತು, ದಯವಿಟ್ಟು ಗಮನ ಕೊಟ್ಟು ಓದಿ. ತೊಗರಿ ಒಕ್ಕುವಾಗ, ಹತ್ತಿ ಕಟ್ಟಿಗೆ ಕೀಳುವಾಗ ಕಡ್ಡಿಯೋ ಹೊಟ್ಟೋ ಕಣ್ಣಿಗೆ ತಾಗಿದರೆ ಉಜ್ಜಬೇಡಿ. ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ ಯಾವುದನ್ನೂ ಬಿಡಬೇಡಿ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ಡ್ರಾಪ್ಸ್ ತರಬೇಡಿ. ಗಿಡದ ಚೂರಿನಿಂದ ಗೀರಾದ ಕರಿಗುಡ್ಡೆಗೆ ಶಿಲೀಂಧ್ರದ ಸೋಂಕು ಹತ್ತಬಹುದು. ಆ ಡ್ರಾಪ್ಸಿನಲ್ಲಿ ಸ್ಟೆರಾಯ್ಡ್ ಇದ್ದರೆ ಕೆಂಪು ಇಳಿದು ವಾಸಿಯಾದ ಹಾಗೆ ಕಾಣುತ್ತದೆ, ಒಳಗೆ ಹುಣ್ಣು ಬೆಳೆಯುತ್ತಾ ಹೋಗುತ್ತದೆ. ನಮ್ಮ ಪಕ್ಕದ ಮನೆಯವರಿಗೆ ಭತ್ತದ ಗರಿ ತಾಗಿ ಹೀಗೇ ಆಯಿತು. ಡಾಕ್ಟರ ಹತ್ತಿರ ಹೋಗಲು ಹತ್ತು ದಿನ ತಡ ಮಾಡಿದರು. ಈಗ ಆ ಕಣ್ಣಿನ ಮೇಲೆ ಬಿಳಿ ಕಲೆ ಉಳಿದಿದೆ, ಬೆಳಕು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಬಿಸಿಲೂರು:
ಓದಿ ಎದೆ ಧಸಕ್ ಎಂದಿತು ಅಣ್ಣ. ನಮ್ಮ ಮನೆಯಲ್ಲೂ ಹರಳೆಣ್ಣೆ ಬಿಡುತ್ತಾರೆ, ಇವತ್ತೇ ಅವ್ವನಿಗೆ ಹೇಳುತ್ತೇನೆ. ಎರಡು ಪ್ರಶ್ನೆ. ಅಪ್ಪ ತಲೆಗೆ ರುಮಾಲು ಸುತ್ತಿರುತ್ತಾರೆ, ಅದು ಸಾಲದಾ? ಸಂಜೆ ಕತ್ತಲಾದ ಮೇಲೆ ಬೈಕಿನಲ್ಲಿ ಬರುವಾಗ ಏನು ಮಾಡುವುದು, ಆಗಲೂ ಹುಳ, ದೂಳು ಇದ್ದೇ ಇರುತ್ತೆ.

ಕನ್ನಡಕದಂಗಡಿ:
ರುಮಾಲು ತಲೆಗೆ ತಂಪು, ಕಣ್ಣಿಗೆ ನೆರಳಿಲ್ಲ. ಮೇಲೆ ಅಂಚು ಚಾಚಿರುವ ಟೋಪಿ ಬೇಕು. ನೆತ್ತಿ ಮೇಲೆ ಸೂರ್ಯ ಇದ್ದಾಗ ಹುಬ್ಬು ಸ್ವಲ್ಪ ತಡೆಯುತ್ತದೆ, ಬೆಳಗ್ಗೆ ಒಂಬತ್ತು ಗಂಟೆ, ಮಧ್ಯಾಹ್ನ ಮೂರು ಗಂಟೆಯ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಮೋಡ ಇದ್ದ ದಿನವೂ ಹಾಕಲಿ. ಕತ್ತಲಾದ ಮೇಲೆ ಬಣ್ಣದ್ದು ಯಾವುದೂ ಬೇಡ, ರಾತ್ರಿಗೆ ಅಂತ ಮಾರುವ ಹಳದಿ ಗಾಜಿನದೂ ಬೇಡ, ಅದೂ ಬೆಳಕನ್ನು ಕಡಿಮೆಯೇ ಮಾಡುತ್ತದೆ. ಬಣ್ಣ ಇಲ್ಲದ ಪಾಲಿಕಾರ್ಬೊನೇಟ್ ಸೇಫ್ಟಿ ಕನ್ನಡಕ ಒಂದು ತಗೊಳ್ಳಿ, ಕಡ್ಡಿ, ಕಲ್ಲಿನ ಕೆಲಸಕ್ಕೂ ಅದೇ ಆಗುತ್ತದೆ.

ಬಿಸಿಲೂರು:
ನಿನ್ನೆ ರಾಯಚೂರಿಗೆ ಹೋಗಿದ್ದೆವು. ಜಾತ್ರೆಯದ್ದನ್ನು ಮೀಟರಿನಲ್ಲಿ ಇಟ್ಟು ನೋಡಿದರು, ಯುವಿ ತಡೆಯುತ್ತಿತ್ತು! ಆದರೆ ಫ್ರೇಮ್ ಚಪ್ಪಟೆ, ಲೆನ್ಸ್ ಮೂಲಕ ನೋಡಿದರೆ ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುತ್ತಿತ್ತು. ಇದಕ್ಕೇ ತಲೆ ನೋಯುತ್ತಿತ್ತೋ ಏನೋ ಅಂದರು ಅಪ್ಪ. ಪಕ್ಕ ಮುಚ್ಚುವ ಕ್ಯಾಟಗರಿ 3 ಲೆನ್ಸಿನದೊಂದು 700ಕ್ಕೆ, ಬಣ್ಣ ಇಲ್ಲದ್ದೊಂದು 180ಕ್ಕೆ ತಂದೆವು. ಬೆಳಗ್ಗೆ ನಾನು ಹೇಳುವ ಮೊದಲೇ ಎರಡನ್ನೂ ಬೈಕಿನ ಟ್ಯಾಂಕ್ ಕವರಿಗೆ ಹಾಕಿಕೊಂಡು ಹೊರಟರು.

ತೋಟದಮನೆ:
ತುಂಬಾ ಸಂತೋಷ. ಟ್ಯಾಂಕ್ ಕವರಿನಲ್ಲಿ ಹಾಗೇ ಇಟ್ಟರೆ ಗೀರು ಬೀಳುತ್ತದೆ, ಬಟ್ಟೆ ಚೀಲ ಒಂದು ಹೊಲಿಸಿಕೊಡಿ. ದೂಳಾದಾಗ ಒಣ ಬಟ್ಟೆಯಲ್ಲಿ ಒರೆಸದೆ ಮೊದಲು ನೀರಿನಲ್ಲಿ ತೊಳೆಯಲು ಹೇಳಿ.