ಪದಚರ್ಚೆ: ‘ಪಾಪವಿಮೋಚನಾ ಪತ್ರ’ – ದೋಷಕ್ಕೆ ಕ್ಷಮೆಯೋ, ದಂಡಕ್ಕೆ ಮಾಫಿಯೋ?

ಮಾನ್ಯರೆ,

ಹದಿನಾರನೆಯ ಶತಮಾನದ ಯುರೋಪಿನಲ್ಲಿ ನಡೆದ ಧಾರ್ಮಿಕ ಬದಲಾವಣೆಯನ್ನು ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲಸ ಒಂದು ಪದದ ಬಳಿ ಬಂದು ನಿಂತುಬಿಟ್ಟಿದೆ. ಲ್ಯಾಟಿನ್ನಿನಲ್ಲಿ ‘ಇಂಡಲ್ಜೆಂಶಿಯ’ ಎಂದೂ ಇಂಗ್ಲಿಷಿನಲ್ಲಿ ‘ಇಂಡಲ್ಜೆನ್ಸ್’ ಎಂದೂ ಜರ್ಮನ್ನಿನಲ್ಲಿ ‘ಆಬ್ಲಾಸ್’ ಎಂದೂ ಕರೆಯುವ, 1517ರಲ್ಲಿ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರನನ್ನು ಕೆರಳಿಸಿದ ಆ ವಸ್ತುವಿಗೆ ನಮ್ಮ ಪಠ್ಯಪುಸ್ತಕಗಳಲ್ಲಿಯೂ ಪರೀಕ್ಷಾ ಕೈಪಿಡಿಗಳಲ್ಲಿಯೂ ‘ಪಾಪವಿಮೋಚನಾ ಪತ್ರ’, ‘ಕ್ಷಮಾಪತ್ರ’, ‘ಪಾಪಪರಿಹಾರ ಪತ್ರ’ ಎಂಬ ರೂಪಗಳು ಕಾಣಸಿಗುತ್ತವೆ. ನಾನೂ ಶಾಲೆಯಲ್ಲಿ ಮೊದಲನೆಯದನ್ನು ಬಾಯಿಪಾಠ ಮಾಡಿ ಎರಡು ಅಂಕ ಗಿಟ್ಟಿಸಿದವನೇ. ಅನುವಾದದ ಮೊದಲ ಕರಡಿನಲ್ಲಿ ಕಣ್ಣು ಮುಚ್ಚಿಕೊಂಡು ಅದನ್ನೇ ಬಳಸಿದ್ದೆ. ಇದರ ಮಾರಾಟವನ್ನು ವಿರೋಧಿಸಿ ಲೂಥರ್ ಬರೆದ 95 ಹೇಳಿಕೆಗಳಲ್ಲಿ 76ನೆಯದಕ್ಕೆ ಬಂದಾಗ ವಾಕ್ಯ ಕೈಕೊಟ್ಟಿತು. ಪೋಪರ ಇಂಡಲ್ಜೆನ್ಸು ಎಷ್ಟೇ ಸಣ್ಣ ಪಾಪದ ದೋಷವನ್ನೂ ತೆಗೆದುಹಾಕಲಾರದು ಎಂಬುದು ಅಲ್ಲಿಯ ಮಾತು. ನನ್ನ ಕನ್ನಡದಲ್ಲಿ ಅದು ‘ಪಾಪವಿಮೋಚನಾ ಪತ್ರವು ಪಾಪವನ್ನು ವಿಮೋಚನೆ ಮಾಡಲಾರದು’ ಎಂದಾಯಿತು. ಓದುವವರು ಇದನ್ನು ಒಗಟೆಂದು ತಿಳಿಯಬೇಕು, ಇಲ್ಲವೇ ಅನುವಾದಕನಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಕು.

ತೊಡಕಿನ ಮೂಲ ಇಷ್ಟು. ಆ ಕಾಲದ ಕ್ಯಾಥೊಲಿಕ್ ಧರ್ಮಶಾಸ್ತ್ರದಲ್ಲಿ ಪಾಪಕ್ಕೆ ಎರಡು ಮುಖಗಳಿದ್ದವು. ಒಂದು ‘ಕುಲ್ಪ’, ಅಂದರೆ ದೋಷ. ಇನ್ನೊಂದು ‘ಪೋಯೆನ’, ಅಂದರೆ ಆ ದೋಷಕ್ಕಾಗಿ ತೆರಬೇಕಾದ ದಂಡ. ಪಶ್ಚಾತ್ತಾಪಪಟ್ಟು ಗುರುಗಳ (ಅಂದರೆ ಪಾದ್ರಿಗಳ) ಮುಂದೆ ಪಾಪನಿವೇದನೆ ಮಾಡಿದವನಿಗೆ ದೋಷ ಕ್ಷಮೆಯಾಗುತ್ತದೆ, ನಿತ್ಯನರಕವೂ ತಪ್ಪುತ್ತದೆ. ಆದರೆ ಕಾಲಮಿತಿಯುಳ್ಳ ಒಂದು ದಂಡ ಉಳಿದೇ ಇರುತ್ತದೆ. ಅದನ್ನು ಉಪವಾಸ, ಪ್ರಾರ್ಥನೆ, ಯಾತ್ರೆ, ದಾನಗಳಿಂದ ಇಲ್ಲಿಯೇ ತೀರಿಸಬೇಕು, ತೀರದೆ ಉಳಿದದ್ದನ್ನು ಸತ್ತ ಮೇಲೆ ಶುದ್ಧೀಕರಣ ಸ್ಥಳದಲ್ಲಿ ಅನುಭವಿಸಬೇಕು. ಇಂಡಲ್ಜೆನ್ಸು ಕೈಹಾಕುತ್ತಿದ್ದದ್ದು ಈ ಉಳಿದ ದಂಡಕ್ಕೆ. ಸಹಕಾರಿ ಸಂಘದ ಮೆಟ್ಟಿಲು ಹತ್ತಿದವರಿಗೆ ಬೇಗ ಅರ್ಥವಾಗುವಂತೆ ಹೇಳುವುದಾದರೆ, ಅಸಲು ಚುಕ್ತಾ ಆದ ಮೇಲೂ ಲೆಕ್ಕದಲ್ಲಿ ನಿಂತಿರುವ ಸುಸ್ತಿ ಬಡ್ಡಿಯ ಮನ್ನಾ ಅದು. ಲ್ಯಾಟಿನ್ ಪದದ ಹಿಂದಿನ ಚರಿತ್ರೆಯೂ ಇದಕ್ಕೆ ಒಪ್ಪುತ್ತದೆ; ರೋಮನ್ ಕಾನೂನಿನ ಭಾಷೆಯಲ್ಲಿ ಅದು ತೆರಿಗೆಯ ಅಥವಾ ಶಿಕ್ಷೆಯ ಮಾಫಿಯನ್ನು ಸೂಚಿಸುತ್ತಿತ್ತು. ‘ಆಬ್ಲಾಸ್’ ಎಂಬಲ್ಲಿಯೂ ‘ಬಿಟ್ಟುಬಿಡುವುದು’ ಎಂಬ ಅರ್ಥವಿದೆಯೇ ಹೊರತು ಪಾಪದ ಸುಳಿವಿಲ್ಲ. ‘ಪಾಪ’ವನ್ನು ಪದದೊಳಗೆ ತಂದು ಕೂರಿಸಿದವರು ನಾವು.

ಹೀಗೆಂದು ತೀರ್ಪು ಕೊಟ್ಟು ಮುಗಿಸೋಣವೆಂದರೆ ಸ್ವತಃ ಆ ಪತ್ರಗಳೇ ಅಡ್ಡ ಬರುತ್ತವೆ. ಮೈಂಟ್ಸ್ ನಗರದಲ್ಲಿ ಗುಟೆನ್‌ಬರ್ಗನ ಕಾಲದಲ್ಲಿ ಅಚ್ಚಾದ 31 ಸಾಲುಗಳ ಹಾಳೆಯೊಂದಿದೆ. ತುರ್ಕರ ವಿರುದ್ಧ ಸೈಪ್ರಸ್ ದ್ವೀಪದ ರಕ್ಷಣೆಗೆ ಹಣ ಕೂಡಿಸಲು ಐದನೆಯ ನಿಕೊಲಾಸ್ ಪೋಪರು ಕೊಟ್ಟ ಅನುಮತಿಯ ಮೇರೆಗೆ ಹೊರಟ ಪತ್ರ ಅದು. ಅದರ ಒಂದು ಪ್ರತಿಯಲ್ಲಿ 1454ರ ಅಕ್ಟೋಬರ್ 22 ಎಂಬ ತಾರೀಕು ಕೈಬರಹದಲ್ಲಿದೆ. ಯುರೋಪಿನಲ್ಲಿ ಅಚ್ಚುಮೊಳೆಯಿಂದ ಮುದ್ರಣಗೊಂಡು ತಾರೀಕು ಹೊತ್ತಿರುವ ಅತಿ ಹಳೆಯ ಹಾಳೆಗಳಲ್ಲಿ ಇದೂ ಒಂದು. ನೋಡಲು ಇಂದಿನ ಅರ್ಜಿ ನಮೂನೆಯ ಹಾಗೆಯೇ ಇದೆ. ಮಾತೆಲ್ಲ ಅಚ್ಚಿನಲ್ಲಿ, ಪಡೆಯುವವನ ಹೆಸರಿಗೆ, ಊರಿಗೆ, ತಾರೀಕಿಗೆ ಖಾಲಿ ಜಾಗ. ಅದನ್ನು ಲೆಕ್ಕಣಿಕೆಯಿಂದ ತುಂಬಿ ಮುದ್ರೆ ಒತ್ತಿ ಕೊಡುತ್ತಿದ್ದರು. ಇಂಥ ಪತ್ರ ಹಿಡಿದವನು ತನಗೆ ಬೇಕಾದ ಗುರುವನ್ನು ಆರಿಸಿಕೊಂಡು ಅವರ ಬಳಿ ಪಾಪನಿವೇದನೆ ಮಾಡಿ, ಬದುಕಿನಲ್ಲಿ ಒಮ್ಮೆ ಮತ್ತು ಸಾವಿನ ಗಳಿಗೆಯಲ್ಲಿ ಒಮ್ಮೆ ಪೂರ್ಣ ಮಾಫಿಯನ್ನು ಪಡೆಯಬಹುದಾಗಿತ್ತು. ಆ ಎರಡು ಸಂದರ್ಭಗಳಲ್ಲಿ ಗುರು ಉಚ್ಚರಿಸಬೇಕಾದ ಮಾತುಗಳು ಹಾಳೆಯ ಅಡಿಯಲ್ಲಿ ಎರಡು ಬೇರೆ ತಲೆಬರಹಗಳ ಕೆಳಗೆ ಅಚ್ಚಾಗಿವೆ. ಹಾಗಾಗಿ ಪತ್ರವೆಂಬುದು ಹಕ್ಕುಪತ್ರ ಮಾತ್ರ. ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಕುಳಿತರೆ ಏನೂ ಆಗದು. ಆದರೆ ಆ ಅಡಿಯ ಮಾತುಗಳಲ್ಲಿ ಪಾಪಗಳ ಕ್ಷಮೆಯೂ ದಂಡದ ಮಾಫಿಯೂ ಒಟ್ಟೊಟ್ಟಿಗೇ ಬರುತ್ತವೆ. ಜನಸಾಮಾನ್ಯರ ಬಾಯಲ್ಲಿ, ಎಷ್ಟೋ ವೇಳೆ ಬೋಧಕರ ಬಾಯಲ್ಲಿಯೂ, ‘ದಂಡದಿಂದಲೂ ದೋಷದಿಂದಲೂ’ ಬಿಡುಗಡೆ ಎಂಬ ನುಡಿಗಟ್ಟು ಮಧ್ಯಯುಗದಿಂದಲೇ ಓಡಾಡುತ್ತಿತ್ತು. 1476ರಲ್ಲಿ ನಾಲ್ಕನೆಯ ಸಿಕ್ಸ್ಟಸ್ ಪೋಪರು ಸತ್ತವರ ಆತ್ಮಗಳಿಗೂ ಇದರ ಫಲವನ್ನು ವಿಸ್ತರಿಸಿದ ಮೇಲೆ ಶಾಸ್ತ್ರದ ಎಳೆ ಇನ್ನಷ್ಟು ಸಡಿಲವಾಯಿತು.

ಆದ್ದರಿಂದ ‘ಪಾಪವಿಮೋಚನಾ ಪತ್ರ’ವನ್ನು ಪೂರ್ತಿ ತಪ್ಪೆಂದು ತಳ್ಳಿಹಾಕುವ ಧೈರ್ಯ ನನಗಿಲ್ಲ. 1517ರಲ್ಲಿ ಯೂಟರ್‌ಬೋಗ್ ಊರಿನಲ್ಲಿ ಈ ಪತ್ರಗಳನ್ನು ಸಾರಿ ಮಾರುತ್ತಿದ್ದ ಬೋಧಕ ಯೋಹಾನ್ ಟೆಟ್ಸೆಲ್‌ನ ಮಾತು ಕೇಳಲು, ಗಡಿಯಾಚೆಯ, ಲೂಥರನ ಊರಾದ ವಿಟ್ಟೆನ್‌ಬರ್ಗಿನಿಂದ ಹೋಗಿ ಪತ್ರ ಕೊಂಡುತಂದ ಸಾಮಾನ್ಯ ಮನುಷ್ಯ ತಾನು ಕೊಂಡದ್ದು ಪಾಪವಿಮೋಚನೆಯನ್ನೇ ಎಂದು ನಂಬಿರಬೇಕು. ಆ ಹಣದಲ್ಲಿ ಅರ್ಧ ರೋಮಿನ ಸಂತ ಪೇತ್ರರ ದೇವಾಲಯದ ಕಟ್ಟಡಕ್ಕೂ ಇನ್ನರ್ಧ ಮೈಂಟ್ಸಿನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್ ಫುಗ್ಗರ್ ಸಾಹುಕಾರರಿಂದ ಎತ್ತಿದ್ದ ಸಾಲಕ್ಕೂ ಹೋಗುತ್ತಿದ್ದದ್ದು ಅವನಿಗೆ ತಿಳಿದಿರಲಾರದು. ಆದರೆ ಲೂಥರ್ ವಾದಿಸಿದ್ದು ಈ ನಂಬಿಕೆಯ ಮೇಲೆ ಕೈಯಿಟ್ಟೇ. ಪೋಪರು ತಾವು ವಿಧಿಸಿದ ದಂಡವನ್ನು ಮಾತ್ರ ಮನ್ನಾ ಮಾಡಬಲ್ಲರು ಎಂದು 5ನೆಯ ಹೇಳಿಕೆ, ದೋಷವನ್ನು ದೇವರು ಕ್ಷಮಿಸಿದ್ದಾನೆಂದು ಸಾರುವುದಷ್ಟೇ ಅವರಿಗೆ ಸಾಧ್ಯ ಎಂದು 6ನೆಯ ಹೇಳಿಕೆ. ದೋಷ, ದಂಡ ಎರಡನ್ನೂ ‘ಪಾಪ’ ಎಂಬ ಒಂದೇ ಚೀಲಕ್ಕೆ ತುಂಬಿದ ಕನ್ನಡದಲ್ಲಿ ಈ ಎರಡು ವಾಕ್ಯಗಳಿಗೆ ಉಸಿರಾಡಲು ಜಾಗವಿಲ್ಲ.

ಬದಲಿ ಪದಗಳನ್ನು ಹುಡುಕುತ್ತ ಹೋದಾಗ ಸಿಕ್ಕವುಗಳನ್ನು ಇಲ್ಲಿಡುತ್ತೇನೆ. ಸ್ನೇಹಿತರೊಬ್ಬರು ‘ತಪ್ಪುಕಾಣಿಕೆ’ ಎಂದರು. ಕೇಳಿದ ಕೂಡಲೇ ಮನಸ್ಸಿಗೆ ಹಿಡಿಸಿತು, ಎಷ್ಟಾದರೂ ನಮ್ಮ ಮನೆಯದೇ ಮಾತು. ಹರಕೆ ಮರೆತಾಗಲೋ ನಡೆ ತಪ್ಪಿದಾಗಲೋ ಮುಡಿಪಿನ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ದೇವರ ಮುಂದಿಡುವುದನ್ನು ಅಜ್ಜಿಯ ಕೈಯಲ್ಲಿ ನೋಡಿದ್ದೇನೆ. ಆದರೆ ಅದು ತಪ್ಪು ಮಾಡಿದವನಿಂದ ದೇವರ ಕಡೆಗೆ ಹೋಗುವ ವಸ್ತು; ಇಂಡಲ್ಜೆನ್ಸು ಅಧಿಕಾರಸ್ಥರಿಂದ ಭಕ್ತನ ಕಡೆಗೆ ಬರುವಂಥದ್ದು. ತಪ್ಪುಕಾಣಿಕೆಗೆ ಬರಹದ ಪತ್ರವಿಲ್ಲ, ಅವಧಿಯಿಲ್ಲ, ಅರ್ಧ ಪಾಲು ಸಾಹುಕಾರನಿಗೆ ಸಲ್ಲುವ ಏರ್ಪಾಡೂ ಇಲ್ಲ. ಟೆಟ್ಸೆಲ್‌ನ ಪೆಟ್ಟಿಗೆಗೆ ಬಿದ್ದ ನಾಣ್ಯವನ್ನು ತಪ್ಪುಕಾಣಿಕೆ ಎನ್ನಬಹುದೇನೋ, ಅವನು ಕೊಟ್ಟ ಹಾಳೆಯನ್ನು ಹಾಗೆನ್ನಲಾಗದು.

ಶಾಸ್ತ್ರ ಬಲ್ಲ ಹಿರಿಯರೊಬ್ಬರು ‘ಪ್ರತ್ಯಾಮ್ನಾಯ’ವನ್ನು ಸೂಚಿಸಿದರು. ನಮ್ಮ ಧರ್ಮಶಾಸ್ತ್ರಗಳಲ್ಲಿ ಕಠಿಣವಾದ ಪ್ರಾಯಶ್ಚಿತ್ತವನ್ನು ಆಚರಿಸಲಾಗದವನು ಅದರ ಬದಲಿಗೆ ಗೋದಾನವನ್ನೋ ಗೋವಿನ ಬೆಲೆಯನ್ನೋ ಕೊಡುವುದಕ್ಕೆ ಇರುವ ಹೆಸರು ಇದು. ಹೋಲಿಕೆ ಬಹಳ ಹತ್ತಿರದ್ದು. ಇಂಡಲ್ಜೆನ್ಸಿನ ಹುಟ್ಟೂ ಹೀಗೆ ಒಂದು ಪ್ರಾಯಶ್ಚಿತ್ತಕ್ಕೆ ಇನ್ನೊಂದನ್ನು ಬದಲಿಸಿಕೊಳ್ಳುವ ಪದ್ಧತಿಯಲ್ಲಿಯೇ ಇದೆ, ಮತ್ತು ‘ನಲವತ್ತು ದಿನಗಳ ಇಂಡಲ್ಜೆನ್ಸು’ ಎಂದರೆ ಹಳೆಯ ಕಟ್ಟಳೆಯ ನಲವತ್ತು ದಿನಗಳ ಪ್ರಾಯಶ್ಚಿತ್ತಕ್ಕೆ ಸಮ ಎಂದೇ ಅರ್ಥವಿತ್ತು. ಆದರೂ ಬದಲಿ ಬೇರೆ, ಮನ್ನಾ ಬೇರೆ. ಅದೂ ಅಲ್ಲದೆ, ಒಂದು ಅರ್ಥವಾಗದ ಪದವನ್ನು ವಿವರಿಸಲು ಇನ್ನೊಂದು ಅರ್ಥವಾಗದ ಪದವನ್ನು ತಂದರೆ ಓದುಗರಿಗೆ ಉಪಕಾರವೇನು?

ನನ್ನ ಒಲವು ಸದ್ಯಕ್ಕೆ ‘ದಂಡಮಾಫಿ’ ಅಥವಾ ‘ದಂಡವಿನಾಯಿತಿ’ಯ ಕಡೆಗಿದೆ. ಮೊದಲನೆಯದು ಚುರುಕಾಗಿದೆ, ಲ್ಯಾಟಿನ್ ಮೂಲದ ಕಂದಾಯದ ವಾಸನೆಯನ್ನೂ ಉಳಿಸಿಕೊಳ್ಳುತ್ತದೆ. ಆದರೆ ಸಂಚಾರ ಪೊಲೀಸರ ದಂಡಕ್ಕೆ ಸಿಗುವ ರಿಯಾಯಿತಿಯನ್ನು ನೆನಪಿಸಿ ನಗೆ ತರಿಸಬಹುದೆಂಬ ಅಳುಕಿದೆ. ಎರಡನೆಯದಕ್ಕೆ ಆ ಭಯ ಕಡಿಮೆ, ಸೊಗಸೂ ಕಡಿಮೆ. ‘ಪತ್ರ’ ಎಂಬ ಬಾಲದ ಬಗ್ಗೆಯೂ ಒಂದು ಮಾತು ಹೇಳಬೇಕು. ಹಾಳೆ ಇಂಡಲ್ಜೆನ್ಸಿನ ಒಂದು ರೂಪ ಮಾತ್ರ. 1563ರಲ್ಲಿ ಟ್ರೆಂಟ್ ಧರ್ಮಸಭೆ ಅದರ ಹೆಸರಿನಲ್ಲಿ ನಡೆಯುತ್ತಿದ್ದ ಹಣದ ದುರಾಸೆಯನ್ನು ಖಂಡಿಸಿತು, 1567ರಲ್ಲಿ ಐದನೆಯ ಪಿಯುಸ್ ಪೋಪರು ಹಣಕ್ಕೆ ಗಂಟುಹಾಕಿದ ಇಂಡಲ್ಜೆನ್ಸುಗಳನ್ನು ರದ್ದುಗೊಳಿಸಿದರು. ಆದರೆ ಪರಿಕಲ್ಪನೆ ಕ್ಯಾಥೊಲಿಕ್ ಸಭೆಯಲ್ಲಿ ಇಂದಿಗೂ ಜೀವಂತವಾಗಿದೆ. 2025ರ ಜೂಬಿಲಿ ವರ್ಷದಲ್ಲಿ ಯಾತ್ರೆ, ಪಾಪನಿವೇದನೆ, ಪ್ರಾರ್ಥನೆಗಳ ಮೂಲಕ ಅದನ್ನು ಪಡೆದವರ ಕೈಯಲ್ಲಿ ಯಾವ ಪತ್ರವೂ ಇರಲಿಲ್ಲ. ಪರಿಕಲ್ಪನೆಗೆ ಒಂದು ಪದ, ಹಾಳೆಗೆ ‘ಪತ್ರ’ ಸೇರಿಸಿದ ಇನ್ನೊಂದು ರೂಪ ಎಂದು ಬೇರ್ಪಡಿಸಿಕೊಳ್ಳುವುದು ಒಳ್ಳೆಯದೆಂದು ತೋರುತ್ತದೆ.

ಇದರೊಡನೆ ಬಿಡಿಸಲಾಗದಂತೆ ಹೆಣೆದುಕೊಂಡಿರುವ ಇನ್ನೊಂದು ಪದವಿದೆ, ನನಗೆ ಹೆಚ್ಚು ಚಿಂತೆ ಅದರದೇ. ಲೂಥರನ ಮೊದಲ ಹೇಳಿಕೆ ‘ಪೋಯೆನಿಟೆಂಶಿಯಂ ಆಗಿಟೆ’ ಎಂಬ ಕ್ರಿಸ್ತನ ಮಾತನ್ನು ಎತ್ತಿಕೊಂಡು, ವಿಶ್ವಾಸಿಯ ಇಡೀ ಬಾಳು ಅದೇ ಆಗಿರಬೇಕೆಂಬುದು ಕ್ರಿಸ್ತನ ಇಚ್ಛೆ ಎನ್ನುತ್ತದೆ. ಎರಡನೆಯ ಹೇಳಿಕೆ, ಈ ಪದವನ್ನು ಗುರುಗಳು ನಡೆಸಿಕೊಡುವ ನಿವೇದನೆ ಮತ್ತು ದಂಡತೀರಿಕೆಯ ಸಂಸ್ಕಾರವೆಂದು ಅರ್ಥಮಾಡಲಾಗದು ಎನ್ನುತ್ತದೆ. ಯುರೋಪನ್ನು ಇಬ್ಭಾಗ ಮಾಡಿದ ವಾದದ ಬಾಗಿಲಲ್ಲಿಯೇ ಒಂದು ಪದಚರ್ಚೆ ಕುಳಿತಿದೆ ಎಂಬುದು ನಮ್ಮಂಥವರಿಗೆ ಸ್ವಲ್ಪ ಹೆಮ್ಮೆಯ ಸಂಗತಿಯೇ. ಆ ಲ್ಯಾಟಿನ್ ನುಡಿಗೆ ‘ಪ್ರಾಯಶ್ಚಿತ್ತ ಮಾಡಿರಿ’ ಎಂದೂ ಹೇಳಬಹುದು, ‘ಪಶ್ಚಾತ್ತಾಪಪಡಿರಿ’ ಎಂದೂ ಹೇಳಬಹುದು. ಜಗಳ ಇದ್ದದ್ದು ಈ ಎರಡರ ನಡುವೆ.

ಈ ಬಿರುಕನ್ನು ಮೊದಲು ಕಂಡವರು ಗ್ರೀಕ್ ಬಲ್ಲ ವಿದ್ವಾಂಸರು. ಇಟಲಿಯ ಲೊರೆಂಜೊ ವಾಲ್ಲ ಹದಿನೈದನೆಯ ಶತಮಾನದಲ್ಲಿಯೇ ಲ್ಯಾಟಿನ್ ಬೈಬಲನ್ನು ಗ್ರೀಕ್ ಮೂಲದೊಡನೆ ಹೋಲಿಸಿ, ಮನಸ್ಸಿನ ತಿರುವು ಎಂಬರ್ಥದ ‘ಮೆಟನೋಯ’ ಎಂಬ ಗ್ರೀಕ್ ಪದಕ್ಕೆ ‘ಪೋಯೆನಿಟೆಂಶಿಯ’ ಸರಿಹೊಂದದೆಂದು ಟಿಪ್ಪಣಿ ಬರೆದಿಟ್ಟಿದ್ದನು. ಲ್ಯೂವೆನ್ ನಗರದ ಬಳಿಯ ಮಠವೊಂದರ ಗ್ರಂಥಭಂಡಾರದಲ್ಲಿ 1504ರಲ್ಲಿ ಆ ಟಿಪ್ಪಣಿಗಳ ಹಸ್ತಪ್ರತಿ ಡಚ್ ವಿದ್ವಾಂಸ ಎರಾಸ್ಮಸನ ಕಣ್ಣಿಗೆ ಬಿತ್ತು, ಮರುವರ್ಷವೇ ಅವನು ಅದನ್ನು ಅಚ್ಚುಹಾಕಿಸಿದನು. 1516ರಲ್ಲಿ ಬಾಸೆಲಿನ ಫ್ರೋಬೆನ್ ಮುದ್ರಣಾಲಯದಿಂದ ಹೊರಬಂದ ತನ್ನದೇ ಗ್ರೀಕ್–ಲ್ಯಾಟಿನ್ ಹೊಸ ಒಡಂಬಡಿಕೆಯ ಟಿಪ್ಪಣಿಯಲ್ಲಿ, ಆ ಪದಕ್ಕೆ ‘ಮರಳಿ ಬುದ್ಧಿಗೆ ಬನ್ನಿರಿ’ ಎಂಬ ಅರ್ಥ ಬರುವ ‘ರೆಸಿಪಿಸ್ಕಿಟೆ’ಯನ್ನು ಸೂಚಿಸಿದನು. (ಬಾಸೆಲ್ ಎಂದೊಡನೆ ನಮಗೆ ನೆನಪಾಗುವುದು ಮಂಗಳೂರಿನ ಬಾಸೆಲ್ ಮಿಶನ್, ಅದರ ಹೆಂಚು, ಕಿಟ್ಟೆಲರ ನಿಘಂಟು, ಊರು ಅದೇ, ನಡುವೆ ಮುನ್ನೂರು ವರ್ಷಗಳ ಅಂತರ.) 1518ರಲ್ಲಿ ಲೂಥರ್ ತನ್ನ ಹಿರಿಯರಾದ ಸ್ಟೌಪಿಟ್ಸರಿಗೆ ಬರೆದ ಪತ್ರದಲ್ಲಿ, ಗ್ರೀಕ್ ಬಲ್ಲವರಿಂದ ಮೆಟನೋಯದ ಅರ್ಥ ತಿಳಿದುಕೊಂಡ ಮೇಲೆ, ಹಿಂದೆ ತನಗೆ ಅತ್ಯಂತ ಕಹಿಯಾಗಿದ್ದ ಆ ಪದವೇ ಸಿಹಿಯಾಯಿತು ಎಂದಿದ್ದಾನೆ. 1526ರಲ್ಲಿ ವಿಲಿಯಂ ಟಿಂಡೇಲ್ ತನ್ನ ಇಂಗ್ಲಿಷ್ ಹೊಸ ಒಡಂಬಡಿಕೆಯಲ್ಲಿ ‘ಪ್ರಾಯಶ್ಚಿತ್ತ ಮಾಡಿ’ ಎಂಬುದನ್ನು ಬಿಟ್ಟು ‘ಪಶ್ಚಾತ್ತಾಪಪಡಿ’ ಎಂಬರ್ಥದ ಪದ ಹಾಕಿದ್ದಕ್ಕೆ ಕ್ಯಾಥೊಲಿಕ್ ಪಕ್ಷದ ಥಾಮಸ್ ಮೋರ್ ಉರಿದುಬಿದ್ದನು. ಪದ ಬದಲಿಸಿದರೆ ಒಂದು ಸಂಸ್ಕಾರವೇ ಕುಸಿಯುತ್ತದೆಂದು ಅವನಿಗೆ ಚೆನ್ನಾಗಿ ತಿಳಿದಿತ್ತು.

ಕನ್ನಡ ಬೈಬಲಿನ ಅನುವಾದಕರು ಇದೇ ಗ್ರೀಕ್ ಪದದ ಮುಂದೆ ಬಂದಾಗ ಮಾಡಿದ ಆಯ್ಕೆ ನನಗೆ ತುಂಬ ಮೆಚ್ಚುಗೆಯಾಗಿದೆ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಬಳಕೆಯಲ್ಲಿರುವ ಹಳೆಯ ಅನುವಾದದಲ್ಲಿ ‘ದೇವರ ಕಡೆಗೆ ತಿರುಗಿಕೊಳ್ಳಿರಿ’ ಎಂದಿದೆ. ಪ್ರಾಯಶ್ಚಿತ್ತವೂ ಇಲ್ಲ, ಪಶ್ಚಾತ್ತಾಪವೂ ಇಲ್ಲ. ಎರಡೂ ಸಂಸ್ಕೃತ ಪದಗಳನ್ನು ದೂರವಿಟ್ಟು, ದಾರಿ ತಪ್ಪಿದವನಿಗೆ ಹೊಲದ ಬದುವಿನಿಂದ ಕೂಗಿ ಹೇಳುವಂಥ ಮಾತು. ಆದರೆ ಲೂಥರನ ಹೇಳಿಕೆಯಲ್ಲಿ ಇದನ್ನೇ ಇಟ್ಟರೆ ಜಗಳ ಮಾಯವಾಗಿಬಿಡುತ್ತದೆ. ಅಲ್ಲಿ ನನಗೆ ಬೇಕಾಗಿರುವುದು ಲ್ಯಾಟಿನ್ ಪದದ ಹಾಗೆ ಎರಡೂ ಕಡೆಗೆ ವಾಲಬಲ್ಲ, ಸಂಸ್ಕಾರವನ್ನೂ ಮನಸ್ಸಿನ ತಿರುವನ್ನೂ ಒಟ್ಟಿಗೆ ಹೊತ್ತ ಒಂದು ಕನ್ನಡ ಪದ.

ಹೀಗಾಗಿ ಕೇಳಬೇಕಾದದ್ದು ಮೂರು. ‘ದಂಡಮಾಫಿ’, ‘ದಂಡವಿನಾಯಿತಿ’ಗಳಿಗಿಂತ ಸಹಜವಾದ ಪದ ನ್ಯಾಯಾಲಯದ ಅಥವಾ ಕಂದಾಯದ ಹಳೆಯ ಕನ್ನಡ ಕಡತಗಳಲ್ಲಿ ಯಾರ ಕಣ್ಣಿಗಾದರೂ ಬಿದ್ದಿದೆಯೇ? ಕ್ಯಾಥೊಲಿಕ್ ಗುರುಗಳು ಕನ್ನಡದ ಬೋಧನೆಯಲ್ಲಿ ಇಂಡಲ್ಜೆನ್ಸಿಗೆ ಬಾಯಿಮಾತಿನಲ್ಲಿ ಏನೆನ್ನುತ್ತಾರೆ? ‘ಪೋಯೆನಿಟೆಂಶಿಯ’ಕ್ಕೆ ನಾನು ಸದ್ಯ ‘ಪಾಪನಿವೃತ್ತಿ’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ, ಓದುವಾಗಲೆಲ್ಲ ಪಿಂಚಣಿ ಕಚೇರಿ ನೆನಪಾಗುತ್ತದೆ. ಅದನ್ನು ಅಳಿಸಿ ಬರೆಯಬಹುದಾದ ಪದ ಯಾರಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿರಿ.