ಊಟಿಯಲ್ಲಿ ಮೋಲ್ಡ್ ಹಾಕಿದ ರಾತ್ರಿಯೇ ಹಿಮ ಬಿತ್ತು. ಸ್ಲ್ಯಾಬ್ ಕೆಟ್ಟಿತಾ?

ಪ್ರಶ್ನೆ: ಸರ್, ನಮ್ಮದು ತಾಳವಾಡಿ. ಊಟಿ ಹತ್ತಿರ ಸಣ್ಣ ಮನೆ ಕಟ್ಟಿಸುತ್ತಿದ್ದೇವೆ. ನಿನ್ನೆ ಸಂಜೆ ನಾಲ್ಕಕ್ಕೆ ಮೋಲ್ಡ್ ಮುಗಿಯಿತು. ಇವತ್ತು ಬೆಳಗ್ಗೆ ನೋಡಿದರೆ ಹುಲ್ಲೆಲ್ಲ ಬಿಳಿ, ಸ್ಲ್ಯಾಬಿನ ಒಂದು ಅಂಚಿನಲ್ಲಿ ಜರಿಗಿಡದ ಎಲೆ ಒತ್ತಿದಂಥ ಗೆರೆಗಳು. ಮೇಸ್ತ್ರಿ "ಗಟ್ಟಿಯಾಗಿದೆ, ನೀರು ಕಟ್ಟಿ" ಅಂತಾರೆ. ಕಟ್ಟಲಾ?

ಉತ್ತರ: ಈಗಲೇ ಬೇಡ. ಆ ಗೆರೆ ನೀರು ಹೆಪ್ಪುಗಟ್ಟಿದ ಗುರುತು. ಗಟ್ಟಿ ಅಂದರೆ ಸೆಟ್ ಆಗಿ ಗಟ್ಟಿಯೋ, ಐಸ್ ಆಗಿ ಗಟ್ಟಿಯೋ? ಅಂಚಿನ ಮೇಲೆ ಒಂದು ಚೊಂಬು ಬಿಸಿನೀರು ಹುಯ್ದು ಮೊಳೆಯಿಂದ ಗೀರಿ. ಮೆತ್ತಗಾದರೆ ಅದು ಸೆಟ್ ಆಗಿಲ್ಲ.

ಚಳಿ ಅಂದರೆ ಸಿಮೆಂಟಿನ ಕೆಲಸ ನಿಧಾನ, ಅಷ್ಟೇ. ತೊಂದರೆ ಹೆಪ್ಪುಗಟ್ಟಿದಾಗ. ನೀರು ಐಸ್ ಆದಾಗ ಸುಮಾರು 9 ಶೇಕಡಾ ಉಬ್ಬುತ್ತದೆ, ಎಳೆ ಕಾಂಕ್ರೀಟು ಒಳಗೇ ಬಿರಿಯುತ್ತದೆ. ಆಮೇಲೆ ಎಷ್ಟು ನೀರುಣಿಸಿ ಕ್ಯೂರಿಂಗ್ ಮಾಡಿದರೂ ಅರ್ಧದಷ್ಟು ಬಲ ಹೋಗಿರಬಹುದು. ಚದರ ಸೆಂಟಿಮೀಟರಿಗೆ 35 ಕೆಜಿ ತಡೆಯುವಷ್ಟು ಬಲ ಬಂದ ಮೇಲೆ ಒಂದು ರಾತ್ರಿಯ ಹಿಮಕ್ಕೆ ಅದು ಹೆದರುವುದಿಲ್ಲ. 10 ಡಿಗ್ರಿ ಬಿಸಿ ಉಳಿಸಿದರೆ ಅದಕ್ಕೆ ಸುಮಾರು ಎರಡು ದಿನ ಸಾಕು. ಹಾಗಾಗಿ ಇವತ್ತು ಬಿಸಿಲು ಇಳಿಯುವ ಮೊದಲೇ ಪ್ಲಾಸ್ಟಿಕ್ ಹಾಸಿ, ಮೇಲೆ ಒಣ ಹುಲ್ಲು, ಅದರ ಮೇಲೆ ಟಾರ್ಪಾಲು. ಅಂಚು, ಮೂಲೆಗೆ ಜಾಸ್ತಿ ಹೊದಿಸಿ, ಅವೇ ಮೊದಲು ತಣ್ಣಗಾಗುವುದು. ಒದ್ದೆ ಗೋಣಿಚೀಲ ಮಾತ್ರ ಹಾಕಬೇಡಿ.

ಪ್ರಶ್ನೆ: ಬಿಸಿನೀರು ಹುಯ್ದೆ ಸರ್. ನಡುವೆ ಏನೂ ಆಗಲಿಲ್ಲ. ಅಂಚಿನಲ್ಲಿ ಎರಡು ಬೆರಳಗಲ ಪುಡಿ ಬಂತು. ಸೆಂಟ್ರಿಂಗ್, ಅಂದರೆ ಕೆಳಗಿನ ಹಲಗೆ, ಆಸರೆ ಕಂಬ, ಏಳನೇ ದಿನ ಬಿಚ್ಚಬಹುದಾ? ಅಂಗಡಿಯಲ್ಲಿ ಕ್ಲೋರೈಡ್ ಪುಡಿ ಹಾಕಿದರೆ ಬೇಗ ಸೆಟ್ ಆಗುತ್ತೆ ಅಂತಾರೆ, ಮೆಟ್ಟಿಲಿಗೆ ಹಾಕಲಾ?

ಉತ್ತರ: ನಡುವೆ ಉಳಿದದ್ದು ಪುಣ್ಯ. ಏಳು ದಿನದ ಲೆಕ್ಕ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರಲ್ಲಿದೆ. ಆದರೆ ಅದು ಗೋಡೆಯಿಂದ ಗೋಡೆಗೆ ನಾಲ್ಕೂವರೆ ಮೀಟರ್ ಒಳಗಿನ ಸ್ಲ್ಯಾಬಿಗೆ, ಓಪಿಸಿ ಅಂದರೆ ಸಾದಾ ಸಿಮೆಂಟಿಗೆ, 15 ಡಿಗ್ರಿಗಿಂತ ಇಳಿಯದ ಹವೆಗೆ. ಜನವರಿ ಊಟಿಯಲ್ಲಿ ಅದು ಎಲ್ಲಿ ಬರಬೇಕು? ನೀವು ಹಾಕಿದ್ದು ಪಿಪಿಸಿ, ಅಂದರೆ ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟ್ ಆದರೆ ಇನ್ನೂ ನಿಧಾನ. ಮೂರು ವಾರ ಬಿಡಿ, ಬಾಡಿಗೆ ಹೋದರೆ ಹೋಗಲಿ. ಕ್ಲೋರೈಡ್ ಬೇಡವೇ ಬೇಡ, ಕಂಬಿ ತುಕ್ಕು ಹಿಡಿಯುತ್ತದೆ. ಮೆಟ್ಟಿಲನ್ನು ಬೆಳಗ್ಗೆ ಹತ್ತಕ್ಕೆ, ಬಿಸಿನೀರಲ್ಲಿ ಕಲಸಿ ಹಾಕಿ. ಬಿಸಿನೀರು ಮೊದಲು ಜಲ್ಲಿ, ಮರಳಿಗೆ ಸೇರಲಿ, ಸಿಮೆಂಟ್ ಆಮೇಲೆ.

ಆ ಅಂಚು ಗಟ್ಟಿ ಸಿಗುವವರೆಗೆ ಕೆತ್ತಿಸಿ. ಕೆತ್ತುವಾಗ ಕಂಬಿ ಕಂಡರೆ ಫೋಟೋ ಹಾಕಿ, ಮುಚ್ಚುವ ಮೊದಲು ನೋಡುತ್ತೇನೆ.